ಇಳಿಸಿಕೊಂಡರೂ ಅಲ್ಲೇ ಉಳಿಯುವುದು

ನಾನು ಹಟಮಾರಿಯಲ್ಲ. ತರಕಾರಿಯವನು ಹೇಳಿದ ರೇಟಿಗೇ ಕೊಟ್ಟು ಬರುವವಳು. ಆದರೆ ಮೊನ್ನೆ ಒಂದು ಹಟ ಹಿಡಿದೆ: ಅತ್ತೆಯ ಫೋನನ್ನು ನಾನು ಮುಟ್ಟುವುದಿಲ್ಲ, ಡೌನ್‌ಲೋಡ್ ಎಂದರೇನೆಂದು ತಿಳಿಸಿ ಅವರ ಬೆರಳಿನಿಂದಲೇ ಮಾಡಿಸುತ್ತೇನೆ.

ಅತ್ತೆಯ ಅಣ್ಣ ಹಗಲೆಲ್ಲ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ರಜೆಯ ಸಂಜೆ ಮಾಟುಂಗದ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರು. ಅವರು ತೀರಿಹೋದಮೇಲೆ ಉಳಿದದ್ದು ಆ ಕೃಷ್ಣನ ಒಂದೇ ಧ್ವನಿಮುದ್ರಣ. ಅವರ ಮಗ ಅದನ್ನು ಇಂಟರ್‌ನೆಟ್ಟಿಗೆ ಹಾಕಿ ಅತ್ತೆಗೂ ಅವರ ತಂಗಿಗೂ ಲಿಂಕ್ ಕಳಿಸಿದ್ದ. ಸಂಜೆಗೆ ಲಿಂಕ್ ಮುಚ್ಚುತ್ತದೆ. ಅವನೋ ಹಡಗಿನ ಕೆಲಸದವನು, ಹೊರಟನೆಂದರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಇಷ್ಟಾದರೂ ಅತ್ತೆ ಡೌನ್‌ಲೋಡ್ ಒತ್ತಲೊಲ್ಲರು.

“ಅಲ್ಲ ಮಾರಾಯ್ತಿ, ನಾನು ಇಳಿಸಿಕೊಂಡರೆ ಅಲ್ಲಿ ಖಾಲಿ ಆಗುದಿಲ್ವಾ? ಮತ್ತೆ ಗಿರಿಜೆಗೆ ಎಂತ ಉಂಟು?”

ಗಿರಿಜೆ ಎಂದರೆ ಕುಂದಾಪುರದಲ್ಲಿರುವ ಅವರ ತಂಗಿ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಯಾವುದನ್ನೂ ಡೆಫಿನಿಷನ್ನಿನಿಂದಲೇ ಶುರುಮಾಡುವ ಚಟ. ಸರ್ವರ್, ಫೈಲು, ಪ್ರತಿ ಎಂದೆಲ್ಲ ಒಪ್ಪಿಸಿದೆ. ಅತ್ತೆ ಆಕಳಿಸಿದರು. ಕೊನೆಗೆ, “ನೀವು ಎದುರುಮನೆ ಸರೋಜಕ್ಕನಿಗೆ ಭಜನೆ ಹೇಳಿಕೊಟ್ಟಿರಲ್ಲ, ನಿಮ್ಮಲ್ಲಿ ಖಾಲಿ ಆಯಿತಾ?” ಎಂದೆ.

“ನನಗೆಲ್ಲಿ ಖಾಲಿ? ಅವಳಿಗೇ ಇನ್ನೂ ಬಂದಿಲ್ಲ!” ಎಂದು ನಗುತ್ತಲೇ ಒತ್ತಿದರು.

ನಮ್ಮ ಆಂಟಾಪ್ ಹಿಲ್ಲಿನ ನೆಟ್‌ವರ್ಕು ಅರ್ಧ ದಾರಿಯಲ್ಲಿ ನಿಂತಿತು. “ಕೊಡುವವನಿಗೆ ಬೇಜಾರು ಬಂತು ಕಾಣ್ತದೆ,” ಎಂದು ಅತ್ತೆಯ ಬೆರಳು ರದ್ದು ಮಾಡಲು ಹೊರಟಿತು. ನನ್ನ ಕೈ ತುರಿಸಿತು, ಹಿಂದಕ್ಕೆ ಕಟ್ಟಿಕೊಂಡು “ತಡೆಯಿರಿ” ಎಂದೆ.

“ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತವಳು ಕೂತವಳನ್ನು ಎಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಾಳೆ. ಅವಳು ಚೆಂಬೂರ್ ಅನ್ನುತ್ತಾಳೆ. ಇವಳು ತಲೆಯಾಡಿಸುತ್ತಾಳೆ. ಚೆಂಬೂರ್ ಬಂದಾಗ ಸೀಟು ಇವಳದ್ದು. ಯಾರೂ ಬರೆದಿಟ್ಟಿಲ್ಲ, ಆದರೂ ನಡೆಯುತ್ತದೆ. ಯಂತ್ರಗಳೂ ಹಾಗೇ ಕೇಳಿ, ಹೇಳಿ, ಒಪ್ಪಿಕೊಂಡೇ ಶುರುಮಾಡುವುದು. ಅದಕ್ಕೇ ಪ್ರೋಟೊಕಾಲ್ ಅನ್ನುವುದು.”

“ಒಪ್ಪಿಕೊಂಡ ಮೇಲೆ ನಿಲ್ಲುದು ಯಾಕೆ?”

ಒಳ್ಳೆಯ ಪ್ರಶ್ನೆ. ಅವರದೇ ಮಂಚದ ಕಥೆ ನೆನಪಿಸಿದೆ. ಹಳೆಯ ಚಾಳಿನ ಕೋಣೆಯಿಂದ ಈ ಬಿಲ್ಡಿಂಗಿಗೆ ಬಂದಾಗ ಅತ್ತೆಯ ತೇಗದ ಮಂಚ ಮೆಟ್ಟಿಲಲ್ಲಿ ಹಿಡಿಯಲಿಲ್ಲ. ಬಿಚ್ಚಿ, ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಸಿಕ್ಕ ಗಾಡಿಯಲ್ಲಿ ಸಾಗಿಸಿದೆವು. ಒಂದು ಹಲಗೆ ಅಲ್ಲೇ ಉಳಿದದ್ದು ಕಂಡಾಗ ಅದೊಂದನ್ನೇ ತರಿಸಿದೆವಲ್ಲದೆ ಇಡೀ ಮಂಚವನ್ನು ವಾಪಸು ಒಯ್ಯಲಿಲ್ಲ. “ಫೈಲೂ ಹಾಗೇ ತುಂಡು ತುಂಡಾಗಿ ಬರುತ್ತದೆ. ಬಾರದ ತುಂಡನ್ನು ಫೋನೇ ಮತ್ತೆ ಕೇಳುತ್ತದೆ. ನೀವು ಸುಮ್ಮನೆ ಕೂರಬೇಕು.”

ಸುಮ್ಮನೆ ಕೂರುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಅತ್ತೆ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎದುರಿಗೆ ಕುಕ್ಕರು ಕಾಯುವಂತೆ ಕಾದರು. ಬೀನ್ಸು ಸೋಸಿ ಮುಗಿಯುವಷ್ಟರಲ್ಲಿ ಫೈಲು ಪೂರ್ತಿ ಬಂದಿತ್ತು.

ನಾನು ಈಗ ಕೇಳುತ್ತಾರೆ, ಅಳುತ್ತಾರೆ ಎಂದುಕೊಂಡರೆ ಅವರು ನನ್ನ ಫೋನಿನಿಂದ ಕುಂದಾಪುರಕ್ಕೆ ಕರೆ ಮಾಡಿದರು. “ಗಿರಿಜಾ, ನಿನ್ನ ಸೊಸೆಯ ಫೋನಿನಲ್ಲಿ ಒತ್ತು. ಹೆದರಬೇಡ, ಮಂಚ ಅಲ್ಲೇ ಇರ್ತದೆ, ಹಲಗೆ ಮಾತ್ರ ಬರುದು!” ಚಿಕ್ಕತ್ತೆಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಆದರೆ ಒತ್ತಿದರು, ಬಂತು. ಪ್ರೋಟೊಕಾಲಿನ ದೊಡ್ಡತನವೇ ಅದು: ತನ್ನನ್ನು ತಿಳಿಯದವರಿಗೂ ಅದು ತಪ್ಪದೆ ತಂದುಕೊಡುತ್ತದೆ.

ಅಕ್ಕ ತಂಗಿ ಒಟ್ಟಿಗೆ ಕೇಳುವುದೆಂದಾಯಿತು. ಇಲ್ಲಿ ಕೃಷ್ಣ ಗಂಟಲು ಸರಿಮಾಡಿಕೊಂಡ. ಒಂದು ಮಾತಿನಷ್ಟು ತಡವಾಗಿ, ಫೋನಿನಾಚೆ ಕುಂದಾಪುರದಲ್ಲಿಯೂ ಸರಿಮಾಡಿಕೊಂಡ. ಅತ್ತೆ ಸೆರಗಿನಿಂದ ಕಣ್ಣೊರೆಸಿ ಹೇಳಿದರು, “ನೋಡು, ಇದ್ದಾಗಲೂ ಅಣ್ಣ ಒಂದೇ ಕಡೆ ಕೂತವನಲ್ಲ.”