ವಾಸಿಯಾದ ಮೇಲೆ ಹೇಳೋಣವೆಂದು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆದರು. ಕೂಕಟ್‌ಪಲ್ಲಿಯಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿನ ನೀರು, ಟ್ಯಾಂಕರಿನ ನೀರೆಂದರೆ ಸಂಪಿನ ತಳದಲ್ಲಿ ಗೇಣು ರಾಡಿ. ಅದನ್ನು ಬಕೆಟ್ಟಿನಲ್ಲಿ ಎತ್ತಿ ಗೇಟಿನ ಪಕ್ಕ ಸುರುವಿದ್ದರು. ಬಿಸಿಲು ಏರಿದಂತೆ ಅದರ ವಾಸನೆ ನಮ್ಮ ಬಾಲ್ಕನಿಗೂ ಬಂತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಕುರ್ಚಿ ಎಳೆದುಕೊಂಡು ಬಾಲ್ಕನಿಯಲ್ಲೇ ಕೂತೆ. ಕೂತೆನೆಂದ ಮಾತ್ರಕ್ಕೆ ಆ ವಾಸನೆ ನನಗೆ ಹಿತವಾಯಿತೆಂದು ತಿಳಿಯಬೇಡಿ. ಕೆಟ್ಟ ವಾಸನೆ ಕೆಟ್ಟದ್ದೇ. ಆದರೆ ಹೋದ ಬೇಸಿಗೆಯಲ್ಲಿ ಇಂಥದೇ ವಾಸನೆಯ ನಡುವೆ ನಾನೂ ನನ್ನ ಇಬ್ಬರು ಗೆಳತಿಯರೂ ನಿಂತಿದ್ದೆವು. ಅದು ನೆನಪಾಗಿ ಏಳಲಾಗಲಿಲ್ಲ.

ಗೆಳತಿಯರೆಂದರೆ ನೀಲವ್ವ ಮತ್ತು ಶಾಂತಾಬಾಯಿ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ ಒಂದೇ ಓಣಿಯಲ್ಲಿ ನಾವು ಮೂವರೂ ಸಂಸಾರ ಮಾಡಿದವರು. ಮೂವರ ಗಂಡಂದಿರೂ ರೈಲ್ವೆಯವರು. ಅವರ ಡ್ಯೂಟಿ ಬೇರೆ ಬೇರೆ ಹೊತ್ತಿಗೆ, ನಮ್ಮ ಡ್ಯೂಟಿ ಮಾತ್ರ ಒಂದೇ ಹೊತ್ತಿಗೆ, ನಲ್ಲಿಗೆ ನೀರು ಬಂದಾಗ. ಓಣಿಯ ಉಳಿದ ಹೆಂಗಸರು ತೆಲುಗಿನವರು. ಒಳ್ಳೆಯವರೇ. ಆದರೆ ಜಗಳವಾಡುವುದಕ್ಕೆ ಕಲಿತ ಭಾಷೆ ಸಾಲುತ್ತದೆ, ಹೊಟ್ಟೆಯೊಳಗಿನದನ್ನು ಹೇಳುವುದಕ್ಕೆ ಸಾಲುವುದಿಲ್ಲ. ನಾನು ಲಿಂಗಸೂಗೂರಿನವಳು, ಶಾಂತಾಬಾಯಿ ಬೀದರಿನವಳು, ನೀಲವ್ವ ಬಾಗಲಕೋಟೆಯ ಕಡೆ ಹೊಳೆದಂಡೆಯವಳು. ಮೂವರ ಕನ್ನಡ ಮೂರು ತರ. ಕಟ್ಟೆಯ ಮೇಲೆ ನಾವು ಕೂತರೆ ನಮ್ಮ ಯಜಮಾನರು, "ಮೂರು ರೇಡಿಯೋ ಒಮ್ಮಿಗೇ ಹಚ್ಚಿದಂಗ ಆಗತೈತಿ, ಒಂದನ್ನಾರ ಬಂದ್ ಮಾಡ್ರಿ" ಎನ್ನುತ್ತಿದ್ದರು.

ಈಗ ಆ ಓಣಿಯಲ್ಲಿ ಉಳಿದವಳು ನೀಲವ್ವ ಒಬ್ಬಳೇ. ನಾನು ಮಗನ ಜೊತೆ ಇಲ್ಲಿಗೆ ಬಂದೆ, ಶಾಂತಾಬಾಯಿ ಸಿಕಂದರಾಬಾದಿಗೆ ಹೋದಳು. ಒಂದೇ ಊರು ಎನ್ನುತ್ತಾರೆ. ಬಸ್ಸು ಬದಲಿಸಿ ಮೆಟ್ರೋದ ಮೆಟ್ಟಿಲು ಹತ್ತಿ ಇಳಿದು ನೋಡಿ, ಆಮೇಲೆ ಒಂದೇ ಊರು ಅನ್ನಿ. ಮದುವೆ ಮುಂಜಿಗೆ ಭೇಟಿ, ಉಳಿದಂತೆ ಮೊಬೈಲು. ಆ ಸಣ್ಣ ಅಕ್ಷರ ಒತ್ತುವ ಬೆರಳು ನಮ್ಮವಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ, ಈ ಬರಹದ ತಪ್ಪುಗಳನ್ನೂ ಮೊಮ್ಮಗಳು ತಿದ್ದಬೇಕು. ಹಾಗಾಗಿ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುವುದು ಕಲಿತೆವು. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಮೂರೂ ರೇಡಿಯೋ ಶುರು. ಯಾರ ಮನೆಯಲ್ಲಿ ಏನು ಪಲ್ಯ, ಯಾರ ಸೊಸೆ ಯಾವಾಗ ಎದ್ದಳು, ಬೆಂಡೆಕಾಯಿಗೆ ಏನು ಬೆಲೆ. ಕೇಳಿದರೆ ನಗುತ್ತೀರಿ. ನಗಿರಿ. ನಮಗೆ ಅದೇ ಪೇಪರು.

ಆದರೆ ನಮ್ಮ ಪೇಪರಿನಲ್ಲಿ ಒಂದು ಸುದ್ದಿ ಯಾವತ್ತೂ ತಡವಾಗಿ ಬರುತ್ತಿತ್ತು. ಕಾಯಿಲೆಯನ್ನು ನಾವು ಕಾಯಿಲೆ ಇರುವಾಗ ಹೇಳುತ್ತಿರಲಿಲ್ಲ, ವಾಸಿಯಾದ ಮೇಲೆ ಹೇಳುತ್ತಿದ್ದೆವು. ಈ ರೂಢಿ ಯಾರು ಮಾಡಿದ್ದೋ ಗೊತ್ತಿಲ್ಲ, ಮೂವರೂ ಪಾಲಿಸಿದೆವು. "ಆರಾಮ ಅದಿ?" ಎಂದು ಕೇಳಿದರೆ "ಆರಾಮ" ಎನ್ನಬೇಕು. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ ಆರಾಮ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಮಗನ ಮನೆಯಲ್ಲಿರುವ ಮುದುಕಿ ಹಾಸಿಗೆ ಹಿಡಿದರೆ ಸೊಸೆಗೆ ಅದೊಂದು ಹೆಚ್ಚಿನ ಕೆಲಸ. ಅವಳನ್ನು ನೋಡಲು ಇನ್ನಿಬ್ಬರು ಮುದುಕಿಯರು ಸೇಬು ಹಿಡಿದು ಬಂದರೆ ಅವರಿಗೆ ಚಹಾ, ಉಪ್ಪಿಟ್ಟು, ಹೋಗುವಾಗ ಕುಂಕುಮ. ಮಲಗಿದವಳು ಗೋಡೆಯ ಕಡೆ ತಿರುಗಿ ಅಡುಗೆಮನೆಯ ಪಾತ್ರೆಯ ಸಪ್ಪಳ ಕೇಳುತ್ತಿರಬೇಕು. ಆ ಸಪ್ಪಳದಲ್ಲಿ ಎಷ್ಟು ಅರ್ಥಗಳಿರುತ್ತವೆ ಎಂಬುದು ಅತ್ತೆಯಾದವಳಿಗೆ ಗೊತ್ತು. ನಾನೂ ಒಂದು ಕಾಲಕ್ಕೆ ಹಾಗೆ ಸಪ್ಪಳ ಮಾಡಿದವಳೇ.

ವಾಸಿಯಾದ ಮೇಲೆ ಮಾತ್ರ ಕಾಯಿಲೆ ಎಂಬುದು ಹಬ್ಬದೂಟ. ನನ್ನ ಪಿತ್ತಕೋಶ ತೆಗೆದದ್ದನ್ನು ಹೊಲಿಗೆ ಒಣಗಿದ ಮೇಲೆ ಹೇಳಿದೆ. ಒಳಗಿದ್ದ ಕಲ್ಲನ್ನು ಡಾಕ್ಟರು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು, ಮುಂದಿನ ಮದುವೆಗೆ ಅದನ್ನು ಚೀಲದಲ್ಲಿಟ್ಟುಕೊಂಡೇ ಹೋದೆ. ಊಟದ ಪಂಕ್ತಿಯಲ್ಲಿ ಶಾಂತಾಬಾಯಿ ಅದನ್ನು ಲೈಟಿಗೆ ಹಿಡಿದು, "ಉಂಗುರಕ್ಕ ಕೂಡಸ್ಕೋ, ಛಂದ್ ಅದ" ಎಂದಳು. ನೀಲವ್ವ ಮಜ್ಜಿಗೆ ಮೂಗಿಗೆ ಹತ್ತುವಷ್ಟು ನಕ್ಕಳು. ನೋವು ಮುಗಿದ ಮೇಲೆ ನಗುವುದು ಸುಲಭ, ಕೇಳುವವರಿಗೂ ಸುಲಭ.

ಇನ್ನು ಪ್ರವಾಸದ ವಿಷಯ. ನಮ್ಮದು ಒಂದೇ ಪ್ರವಾಸ, ಪ್ರತಿ ವರ್ಷ ಹೊರಡುವುದು, ಪ್ರತಿ ವರ್ಷ ನಿಲ್ಲುವುದು. ನೀಲವ್ವನ ತವರೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಊರು. ನೀರು ಬಂದಾಗ ಅವಳು ಇಲ್ಲಿ ಮಕ್ಕಳ ಟಿಫನ್ ಡಬ್ಬಿ ಕಟ್ಟುತ್ತಿದ್ದಳು. ತವರಿನವರು ಮನೆಯ ತೊಲೆ ಬಾಗಿಲು ಕಿತ್ತುಕೊಂಡು ಬೇರೆ ಕಡೆ ಹೋದರು. ಕಡೆಯ ಸಲ ನೋಡಲು ಇವಳಿಗೆ ಆಗಲಿಲ್ಲ. ಆಮೇಲೆ ಅವಳ ತಮ್ಮ ಹೇಳಿದನಂತೆ, ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಊರು ಮೇಲೆ ಬರುತ್ತದೆ, ಗುಡಿಯ ಗೋಡೆ, ಬಾವಿಯ ಕಟ್ಟೆ, ಮನೆಗಳ ಪಾಯ ಎಲ್ಲ ಕಾಣುತ್ತವೆ, ಮಳೆ ಬೀಳುವ ತನಕ. ಅವತ್ತಿನಿಂದ ನೀಲವ್ವನದು ಒಂದೇ ಹಟ. "ನಮ್ಮ ಮನಿ ಎಲ್ಲಿತ್ತು ಅಂತ ನಿಮ್ಮಿಬ್ಬರಿಗೂ ತೋರಸ್ತೀನಿ. ಪಾಯದ ಮ್ಯಾಲ ಕುಂತು ರೊಟ್ಟಿ ತಿಂದು ಬರೂಣು."

ಅವಳಿಗೆ ಬೇಕಾದದ್ದು ಅಷ್ಟೇ. ಬಂಗಾರ ಬೇಡಲಿಲ್ಲ, ಕಾಶಿ ಬೇಡಲಿಲ್ಲ.

ಆದರೆ ಬೇಸಿಗೆ ಎಂದರೆ ನಮ್ಮಂಥವರಿಗೆ ಬಿಡುವಿಲ್ಲದ ಕಾಲ. ಮೊಮ್ಮಕ್ಕಳಿಗೆ ರಜೆ, ಮಗಳು ಬರುತ್ತಾಳೆ, ಮಾವಿನಕಾಯಿ ಉಪ್ಪಿನಲ್ಲಿ ಬೀಳಬೇಕು, ಶ್ಯಾವಿಗೆ ಒಣಗಬೇಕು. ಮೂವರಲ್ಲಿ ಇಬ್ಬರು ಬಿಡುವಾದರೆ ಒಬ್ಬಳು ಸಿಕ್ಕಿಬೀಳುತ್ತಿದ್ದಳು. ಇಬ್ಬರೇ ಹೋಗುವ ಹಾಗಿಲ್ಲ. ಹಿಂದೆ ಒಮ್ಮೆ ನಾನೂ ನೀಲವ್ವನೂ ಶಾಂತಾಬಾಯಿಯನ್ನು ಬಿಟ್ಟು ಯಾದಗಿರಿಗುಟ್ಟಕ್ಕೆ ಹೋಗಿ ಬಂದಿದ್ದೆವು. ಪ್ರಸಾದ ಕೊಡಲು ಹೋದರೆ, "ನಿಮ್ಮ ದೇವರು ನಿಮಗೇ ಇರ್ಲಿ" ಎಂದು ಬಾಗಿಲು ಹಾಕಿಕೊಂಡವಳು ದಸರೆಯ ತನಕ ಮಾತಾಡಲಿಲ್ಲ. ಅಂದಿನಿಂದ ಹೋದರೆ ಮೂವರು, ಇಲ್ಲವಾದರೆ ಯಾರೂ ಇಲ್ಲ. ನನ್ನ ಪಿತ್ತಕೋಶದ ವರ್ಷ "ಮನಿಗೆ ಬೀಗರು ಬರ್ತಾರ" ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಶಾಂತಾಬಾಯಿಗೆ ಡೆಂಗಿ ಆದಾಗ ಅವಳೂ ಯಾವುದೋ ಗೃಹಪ್ರವೇಶ ಹುಟ್ಟಿಸಿದಳು. ಪ್ರತಿ ಸಲವೂ ನೀಲವ್ವ, "ಇರ್ಲಿ ಬಿಡು, ಊರು ಎಲ್ಲಿ ಹೊಕ್ಕೈತಿ? ಮುಂದಿನ ಬ್ಯಾಸಿಗಿಗೂ ಅಲ್ಲೇ ಇರತೈತಿ" ಎನ್ನುತ್ತಿದ್ದಳು. ಊರಿನ ಬಗ್ಗೆ ಅವಳು ಹೇಳಿದ್ದು ಸರಿಯೇ ಇತ್ತು.

ಈ ನಡುವೆ ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವುದನ್ನು ಮೊಮ್ಮಕ್ಕಳು ಕಲಿಸಿದರು. ನೀಲವ್ವನ ಫೋನಿನಲ್ಲಿ ಯಾವಾಗಲೂ ಫ್ಯಾನು ಕಾಣುತ್ತಿತ್ತು. ಅಥವಾ ಅವಳ ಒಂದು ಕಿವಿ. "ಏ ನೀಲಾ, ಫ್ಯಾನಿಗೆ ಮಾತಾಡ್ಲಿಕ್ಕೆ ನಾವು ಕರೆಂಟಿನವರೇನು?" ಎಂದು ಶಾಂತಾಬಾಯಿ ಹಾಸ್ಯ ಮಾಡುತ್ತಿದ್ದಳು. "ನನ್ನಕಿಂತ ಫ್ಯಾನ ಛಂದ ಐತಿ, ಅದನ್ನ ನೋಡ್ರಿ" ಎಂದು ನೀಲವ್ವ ನಗುತ್ತಿದ್ದಳು. ನಾವೂ ನಕ್ಕೆವು. ಶ್ಯಾವಿಗೆ ಹೊಸೆಯುವುದನ್ನು ಬಿಟ್ಟಳು, ಬೆರಳು ನೋಯುತ್ತವೆ ಎಂದಳು. ಮದುವೆಗೆ ಬರುವುದು ಬಿಟ್ಟಳು, ಬಿಸಿಲು ಎಂದಳು. ಒಂದೊಂದನ್ನೂ ನಂಬಿದೆವು. ಯಾಕೆಂದರೆ ಬೆಳಿಗ್ಗೆ ಕೇಳಿದಾಗೆಲ್ಲ ಅವಳು ಆರಾಮ ಇದ್ದಳು.

ಅಂತೂ ಹೋದ ಬೇಸಿಗೆಯಲ್ಲಿ ಮೂವರಿಗೂ ಕೂಡಿಬಂತು. ನೀಲವ್ವನನ್ನು ಅವಳ ಮಗ ಆಟೋದಲ್ಲಿ ತಂದು ರೈಲಿನೊಳಗೆ ಕೂರಿಸಿಯೇ ಹೋದ. ಎಷ್ಟು ಕಾಳಜಿಯ ಮಗ ಎಂದುಕೊಂಡೆ. ವಿಜಯಪುರದ ತನಕ ರೈಲು, ಅಲ್ಲಿಂದ ಬಸ್ಸು. ಬೋಗಿಯಲ್ಲಿ ಶಾಂತಾಬಾಯಿ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ನೀಲವ್ವ ರೊಟ್ಟಿ ಮುರಿದು ಡಬ್ಬಿಯ ಕಡೆ ಕೈ ಚಾಚಿದಳು. ತುಣುಕು ಹೋಗಿ ನನ್ನ ನೀರಿನ ಲೋಟದಲ್ಲಿ ಅದ್ದಿತು. ಅದನ್ನೇ ಬಾಯಿಗಿಟ್ಟು, "ಶಾಂತಾ, ಎಣ್ಣಿಗಾಯಿ ಸಪ್ಪಗಾಗೈತಿ" ಎಂದಳು.

ಶಾಂತಾಬಾಯಿ ನಗಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿದಳು. ನಾನು ಕೈ ಎತ್ತಿ ನೀಲವ್ವನ ಮುಂದೆ ಹಿಡಿದೆ.

"ನೀಲಾ, ನನ್ನ ಕೈಯಾಗ ಎಷ್ಟು ಬೆರಳು ಅದಾವ?"

"ಯಾವಾಗಲೂ ಐದು ಇರ್ತಾವಲ್ಲ. ಈಗೇನು ಕಡಿಮಿ ಆದವೇನು?"

"ನಾಟಕ ಮಾಡಬ್ಯಾಡ. ಕಾಣತೈತೋ ಇಲ್ಲೋ?"

ಅವಳು ರೊಟ್ಟಿ ಅಗಿದು ನುಂಗಿದಳು. "ಬೆಳಕು ಗೊತ್ತಾಗತೈತಿ. ನೀನು ಅಲ್ಲಿ ಗುಂಪಿಯಂಗ ಕುಂತಿದ್ದು ಗೊತ್ತಾಗತೈತಿ. ಮುಖ ಕಾಣಂಗಿಲ್ಲ."

"ಯಾವಾಗಿಂದ?"

"ಒಮ್ಮಿಗೆ ಹೋಗಿಲ್ಲ. ಅಂಚಿನಿಂದ ಸುರುವಾತು. ಸೀರಿ ಅಂಚು ಸುಟ್ಟಂಗ ಒಳಗ ಒಳಗ ಬಂತು. ಕಣ್ಣಿನ ಒತ್ತಡ ಅಂದ್ರು ಡಾಕ್ಟರು. ಹೋದದ್ದು ಹೋತು, ತಿರುಗಿ ಬರಂಗಿಲ್ಲ ಅಂದ್ರು."

"ಮತ್ತ ನಮಗ ಯಾಕ ಹೇಳಲಿಲ್ಲ, ಹುಚ್ಚಿ?" ಎಂದು ಶಾಂತಾಬಾಯಿ ಅಳಲಿಕ್ಕೆ ಹತ್ತಿದಳು.

ನೀಲವ್ವನಿಗೆ ನಿಜವಾಗಿಯೂ ಆಶ್ಚರ್ಯವಾದಂತೆ ಕಂಡಿತು. "ವಾಸಿ ಆದ ಮ್ಯಾಲ ಹೇಳೂಣು ಅಂತಿದ್ದೆ," ಎಂದಳು. "ಇದು ವಾಸಿ ಆಗೂದಲ್ಲಂತ. ಹಂಗಾರ ಯಾವಾಗ ಹೇಳಲಿ?"

ನಾನು ಲೋಟದ ನೀರು ಕಿಟಕಿಯಿಂದ ಚೆಲ್ಲಿ ಬೇರೆ ತುಂಬಿದೆ.

ಮರುದಿನ ಬಾಗಲಕೋಟೆಯಿಂದ ಆಟೋ ಮಾಡಿಕೊಂಡು ಹೋದೆವು. ಒಂದು ಕಡೆ ಆಟೋದವನು ನಿಲ್ಲಿಸಿ, "ಇಲ್ಲಿಂದ ಮುಂದ ಗಾಡಿ ಹೋಗಂಗಿಲ್ರಿ ಅವ್ವಾರ, ರಾಡಿ ಐತಿ. ಊರಂದ್ರ ಅದ ನೋಡ್ರಿ" ಎಂದು ಕೈ ತೋರಿಸಿದ. ನೀಲವ್ವನನ್ನು ನಡುವೆ ಹಿಡಿದುಕೊಂಡು ಇಳಿದೆವು. ಆಗ ಬಂತು ಆ ವಾಸನೆ. ಬಹಳ ದಿನ ನೀರಿನ ಕೆಳಗಿದ್ದ ಮಣ್ಣು ಬಿಸಿಲಿಗೆ ಬಿದ್ದ ವಾಸನೆ. ನೀಲವ್ವ ಅದನ್ನು ಒಳಗೆಳೆದುಕೊಂಡು, "ನಮ್ಮೂರ ವಾಸನಿ ಇದಲ್ಲ" ಎಂದಳು. "ನಮ್ಮೂರಾಗ ಸಗಣಿ ವಾಸನಿ ಇತ್ತು, ಹೊಲದಾಗಿನ ಕಸ-ಸದಿ ಸುಡೂ ವಾಸನಿ ಇತ್ತು." ಆಮೇಲೆ ಕೇಳಿದಳು, "ಏನು ಕಾಣತೈತಿ ಹೇಳ್ರಿ."

ಶಾಂತಾಬಾಯಿ ಕಣ್ಣು ಒರೆಸಿಕೊಂಡು ಶುರು ಮಾಡಿದಳು. "ಎಷ್ಟ್ ಛಂದ್ ಕಾಣ್ಲತ್ತದ ನೀಲಾ! ಗುಡಿ ಹಂಗೇ ನಿಂತದ, ಮನೆಗೋಳು ಸಾಲಾಗಿ..."

"ನೀ ಸುಮ್ಮನಿರು ಶಾಂತಾ. ನಿನ್ನ ಕಣ್ಣಿಗೆ ಎಲ್ಲಾ ಛಂದ. ಆಕಿ ಹೇಳ್ಲಿ."

ಆಕಿ ಎಂದರೆ ನಾನು. ಇದ್ದದ್ದನ್ನು ಇದ್ದಹಾಗೆ ಹೇಳುವವಳು ಎಂದು ನನ್ನನ್ನು ಬೈದವರೇ ಹೆಚ್ಚು. ನೀಲವ್ವ ಅದನ್ನೇ ನಂಬಿ ನನ್ನ ಕೈ ಹಿಡಿದುಕೊಂಡಿದ್ದಳು. ಹೇಳಿದೆ. "ಗುಡಿಗೆ ಮಾಳಿಗಿ ಇಲ್ಲ. ಗ್ವಾಡಿ ಐತಿ, ಎದಿಮಟ. ಅದರ ಮ್ಯಾಲ ಯಾರೋ ಮೀನಿನ ಬಲಿ ಒಣ ಹಾಕ್ಯಾರ. ಉಳಿದದ್ದು ಕಲ್ಲು ಮತ್ತ ಕೆಸರು. ಎರಡು ಬೆಳ್ಳಕ್ಕಿ ಅದಾವ."

"ಬಾವಿ ಕಟ್ಟಿ? ಗುಂಡಗಿನ ಬಾವಿ. ಅದಕ್ಕ ಬೆನ್ನು ಮಾಡಿ ನಿಂತ್ರ ಎಡಗಡೆ ನಮ್ಮ ಮನಿ."

ನೋಡಿದೆ. ಕೈ ನೆರಳು ಮಾಡಿಕೊಂಡು ನೋಡಿದೆ. ಕಲ್ಲಿನ ಗುಪ್ಪೆಗಳು ಅಲ್ಲೊಂದು ಇಲ್ಲೊಂದು ಇದ್ದವು. ಯಾವುದು ಬಾವಿ, ಯಾವುದು ಕಟ್ಟೆ, ಯಾವುದು ಬರೀ ಕಲ್ಲು? ಆ ಊರಲ್ಲಿ ಹುಟ್ಟಿ ಕೊಡ ಹೊತ್ತವಳ ಕಣ್ಣಿಗೆ ಒಂದೇ ಗಳಿಗೆಯಲ್ಲಿ ತಿಳಿಯುವ ವಿಷಯ, ನನ್ನ ಎರಡೂ ಒಳ್ಳೆಯ ಕಣ್ಣಿಗೆ ತಿಳಿಯಲಿಲ್ಲ. "ಕಾಣತೈತಿ" ಎಂದುಬಿಡಬಹುದಿತ್ತು. ಯಾವುದೋ ಕಲ್ಲಿನ ಮೇಲೆ ಕೂರಿಸಿ ರೊಟ್ಟಿ ಕೊಡಬಹುದಿತ್ತು. ಶಾಂತಾಬಾಯಿ ಹಾಗೇ ಮಾಡೆಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

"ಗೊತ್ತಾಗವಲ್ದು ನೀಲಾ," ಎಂದೆ.

ಅವಳು ಬೈಯಲಿಲ್ಲ. "ಎರಡು ವರ್ಷ ಮೊದಲ ಬಂದಿದ್ರ," ಎಂದಳು, "ನಾನ ನಿಮಗ ತೋರಸ್ತಿದ್ದೆ."

ರೊಟ್ಟಿಯನ್ನು ಆಟೋದಲ್ಲೇ ಕೂತು ತಿಂದೆವು.

ಇದರಲ್ಲಿ ಯಾರ ತಪ್ಪು ಎಂದು ನಾನು ಬಹಳ ಯೋಚಿಸಿದ್ದೇನೆ. ಸೊಸೆಯಂದಿರದಲ್ಲ, ಡಾಕ್ಟರದಲ್ಲ, ಮಾವಿನಕಾಯಿಯದೂ ಅಲ್ಲ. ಒಬ್ಬರಿಗೊಬ್ಬರು ಭಾರವಾಗಬಾರದೆಂದು ಮೂವರೂ ಎಷ್ಟು ಹಗುರಾದೆವೆಂದರೆ, ಕೈಗೆ ಸಿಗದಷ್ಟು. ಗೆಳತಿಯ ಮನೆಯ ಪಲ್ಯ ಗೊತ್ತು, ಅವಳ ಕಣ್ಣು ಗೊತ್ತಿಲ್ಲ. ಇದೆಂಥ ಸುದ್ದಿ ಹಂಚಿಕೊಳ್ಳುವುದು?

ಈಗ ನೀಲವ್ವನಿಗೆ ಬೆಳಕೂ ತಿಳಿಯುವುದಿಲ್ಲ. ಅದನ್ನು ಬೆಳಕು ಹೋದ ದಿನವೇ ಹೇಳಿದಳು, ಅಷ್ಟು ಸುಧಾರಿಸಿದ್ದೇವೆ. ಇವತ್ತು ಬಾಲ್ಕನಿಯಲ್ಲಿ ಕೂತು ಅವಳಿಗೇ ಫೋನು ಹಚ್ಚಿದೆ.

"ಏನೇನು ಕೆಟ್ಟೈತಿ ಇವತ್ತ?" ಎಂದೆ. ಈಗ ನಾವು ಕೇಳುವುದೇ ಹೀಗೆ.

"ಮಣಕಾಲು. ಕಣ್ಣಿನ ಹಿಂದ ಅದೂ ಹೊಂಟೈತಿ. ನಿಂದು?"

"ಸಕ್ಕರಿ ಏರೈತಿ. ಪಾದಕ್ಕ ಜೋಮು." ಆಮೇಲೆ ಹೇಳಿದೆ, "ನಿನ್ನಿ ಲಿಂಗಸೂಗೂರಿಂದ ನಮ್ಮ ಅಕ್ಕ ಮಾತಾಡಿದ್ಲು. ಮಳಿಗಾಲ ಕಳದ ಮ್ಯಾಲ ಬಾ ಅಂದ್ಲು."

"ಹೆಂಗದೀನಿ ಅಂದ್ಲು?"

"ಆರಾಮ ಅದೀನಿ ಅಂದ್ಲು."

"ದನಿ?"

"ಸಣ್ಣಗಿತ್ತು."

"ಚೀಲಕ್ಕ ಅರಿವಿ ತುಂಬು. ನಾಳೆ ಹೋಗೂಣು, ನಾನೂ ಬರ್ತೀನಿ."

"ಶಾಂತಾನ ಮಗಳು ಬಂದಾಳ. ಆಕಿಗೆ ಆಗಂಗಿಲ್ಲ."

"ಆಕಿ ಇರ್ಲಿ. ಬಂದ ಮ್ಯಾಲ ಬೈಸಿಕೊಳ್ಳೂಣು."

ಒಳಗೆ ಹೋಗಿ ಸೊಸೆಗೆ, ನಾಳೆ ಊರಿಗೆ, ಅಕ್ಕನ ಹತ್ತಿರ ಹೊರಡುತ್ತೇನೆ ಎಂದೆ. ಅವಳು ಒಲೆ ಸಣ್ಣ ಮಾಡಿ ತಿರುಗಿದಳು. "ಯಾಕ್ರಿ ಅತ್ತಿ, ಒಮ್ಮಿಂದೊಮ್ಮಿಗೆ? ದೊಡ್ಡವ್ವಗ ಏನಾಗೈತಿ?"

"ಏನೂ ಆಗಿಲ್ಲ ಅಂದಾಳ," ಎಂದೆ. "ಅದಕ್ಕ ಹೊಂಟೀನಿ."