ಅಳು ನೆರಿಸ್
ವೇಲ್ಸಿನ ಆ ಕಣಿವೆಯೂರಿನಲ್ಲಿ ಕಸುಬೇ ಅಡ್ಡಹೆಸರು. ರೊಟ್ಟಿ ಸುಡುವವನು ರೊಟ್ಟಿ ಐವರ್, ಅಂಚೆ ಹಂಚುವವಳು ಅಂಚೆ ಮೆಗನ್, ಹಾಗೆಯೇ ನಮ್ಮ ಮುದುಕಿ ಅಳು ನೆರಿಸ್. ಆರ್ಥರ್ ರಾಜನ ಸಿನಿಮಾ ಯಾರೇ ತೆಗೆಯಲಿ, ಸಾಯುತ್ತಿರುವ ರಾಜನನ್ನು ದೋಣಿಯಲ್ಲಿ ಸಾಗಿಸುವಾಗ ಸರೋವರದ ದಂಡೆಯಲ್ಲಿ ಗೋಳಿಡುವ ಹೆಂಗಸರ ಗುಂಪಿನಲ್ಲಿ ಅವಳು ಇರಲೇಬೇಕು. ಅವಳಿಗೆ ಗ್ಲಿಸರಿನ್ ಬೇಡ, ಈರುಳ್ಳಿ ಬೇಡ. ಕ್ಯಾಮೆರಾ ತಿರುಗುವಷ್ಟರಲ್ಲಿ ಕಣ್ಣು ಕೋಡಿ ಬಿದ್ದಿರುತ್ತದೆ. ನೆರಿಸ್ ಅತ್ತರೆ ಗುಡ್ಡದ ಕುರಿಗಳೂ ಮೇವು ಬಿಡುತ್ತವೆ ಎಂದು ಊರವರು ನಗುತ್ತಾರೆ. ಈಚೆಗೆ ಸಿನಿಮಾ ತೆಗೆಯಲು ಬರುವವರೆಲ್ಲ ಹೆಂಗಸರ ಕಣ್ಣಿಂದ ಕಥೆ ಹೇಳುವವರೇ. ಒಬ್ಬರದು ರಾಣಿಯ ಕಥೆಯಾದರೆ ಇನ್ನೊಬ್ಬರದು ರಾಜನ ಅಕ್ಕನ ಕಥೆ. "ಈ ಸಲ ಇದು ನಿಮ್ಮದೇ ಕಥೆ, ಅಜ್ಜಿ," ಎಂದು ಹೊಸ ನಿರ್ದೇಶಕಿ ಕೈ ಹಿಡಿದರೆ, "ಯಾರ ಕಥೆ ಆದ್ರೇನು ಮಗಳೇ, ಅಳೋಳು ನಾನೇ ತಾನೆ? ಬೇಗ ಸಾಯ್ಸು ಅವನ್ನ, ನನ್ನ ಚಹಾ ಆರ್ತಾ ಇದೆ," ಎನ್ನುತ್ತಾಳೆ. ಅವಳದು ಒಂದೇ ತಪ್ಪು: ಕೂಗುವಾಗ ರಾಜನ ಹೆಸರು ಬಾಯಿಗೆ ಬರುವುದಿಲ್ಲ, "ಗ್ವಿಲಿಮ್, ಗ್ವಿಲಿಮ್" ಎಂದು ಮೊಣಕಾಲುದ್ದ ನೀರಿಗೆ ಇಳಿದುಬಿಡುತ್ತಾಳೆ. ಸಿನಿಮಾದವರು ಕಣ್ಣೀರನ್ನು ಉಳಿಸಿಕೊಂಡು ಆ ಹೆಸರನ್ನು ಆಮೇಲೆ ಅಳಿಸುತ್ತಾರೆ. ಗ್ವಿಲಿಮ್ ಕಲ್ಲಿದ್ದಲ ಗಣಿಯಲ್ಲಿ ಸತ್ತ ಅವಳ ಗಂಡ. ಆಗೆಲ್ಲ ಕಣಿವೆಯಲ್ಲಿ ಹೆಣದ ಜೊತೆ ಮಣ್ಣಿಗೆ ಗಂಡಸರಷ್ಟೇ ಹೋಗುತ್ತಿದ್ದರು. ಅವನ ಶವಪೆಟ್ಟಿಗೆ ಬೀದಿಯ ತಿರುವು ದಾಟುವಾಗ ನೆರಿಸ್ ಅಡುಗೆಮನೆಯಲ್ಲಿ, ಮಣ್ಣು ಕೊಟ್ಟು ಬರುವವರಿಗಾಗಿ ಬ್ರೆಡ್ಡಿನ ಮೇಲೆ ಹಂದಿಮಾಂಸದ ಹೋಳು ಇಡುತ್ತಾ ನಿಂತಿದ್ದಳು. ಬ್ರೆಡ್ಡು ನೆನೆದೀತೆಂದು ಅಂದು ಅಳಲಿಲ್ಲ.