ಹಲ್ಲಿಮರಿಗಳ ನೀಲಕ್ಕೋರು

ನೀಲಕ್ಕೋರ ತುರುಬಿನಲ್ಲಿ ಸದಾ ಒಂದು ಪಾರಿವಾಳದ ಗರಿ ಇರುತ್ತಿತ್ತು. ಹೂ ಮುಡಿದ ದಿನವೂ ಹೂವಿನ ಪಕ್ಕದಲ್ಲಿ ಗರಿ. ಲಕ್ಷ್ಮೇಶ್ವರದ ಶಾಲೆಯಲ್ಲಿ ಅವರು ಹಲಗೆಯ ಕಡೆ ತಿರುಗಿದೊಡನೆ ಹುಡುಗರು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ‘ನಗ್ರಿ, ನಗ್ರಿ. ಮಗ್ಗಿ ತಪ್ಪಿದವ್ರಿಗೆ ಇದರಿಂದನ ಕಚಗುಳಿ ಇಡ್ತೀನಿ’ ಎಂದು ಅವರು ತಿರುಗದೆಯೇ ಹೇಳುತ್ತಿದ್ದರು.

ಗರಿ ಇದ್ದದ್ದು ಹಲ್ಲಿಮರಿಗಳನ್ನು ಎತ್ತಲು.

ಎಪ್ಪತ್ತರ ದಶಕದ ಕೊನೆಯಲ್ಲಿ ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ನಾನೂ ಆ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಅವರ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದೆ. ಒಳಗೆ ನೀಲಕ್ಕೋರು ಮತ್ತು ಅವರ ತಮ್ಮ, ಬಸವಣ್ಣನ ಗುಡಿಯಲ್ಲಿ ಪೂಜೆ ಮಾಡುವ ಗುರಯ್ಯನವರು. ಮನೆಗೆ ಮಣ್ಣಿನ ಮಾಳಿಗೆ. ಕಟ್ಟಿಗೆಯ ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಮಣ್ಣು. ಜಂತಿಗಳ ಸಂದಿಯಲ್ಲಿ ಹಲ್ಲಿಗಳ ಸಂಸಾರ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುವಾಗ ಆ ಸಂದಿಗಳಿಂದ ತತ್ತಿಗಳು ಉದುರುತ್ತಿದ್ದವು. ಒಡೆದ ತತ್ತಿಗಳಿಂದ ದಿನ ತುಂಬುವ ಮೊದಲೇ ಹೊರಬಿದ್ದ ಮರಿಗಳು ಬೆರಳ ಗೆಣ್ಣಿನಷ್ಟಿರುತ್ತಿದ್ದವು. ತೊಗಲಿನ ಮೇಲಿಂದಲೇ ಒಳಗಿನದೆಲ್ಲ ಕಾಣುತ್ತಿತ್ತು. ಉಳಿದ ಮನೆಗಳವರು ಅವನ್ನು ಕಸದ ಜೊತೆ ಗುಡಿಸಿ ಚೆಲ್ಲುತ್ತಿದ್ದರು. ನೀಲಕ್ಕೋರು ಮೊಣಕಾಲೂರಿ, ಉಸಿರು ಬಿಗಿಹಿಡಿದು, ಗರಿಯ ತುದಿಯಿಂದ ಒಂದೊಂದನ್ನೇ ಎತ್ತಿ ಒದ್ದೆ ಬಟ್ಟೆ ಹಾಸಿದ ಮಣ್ಣಿನ ಕುಡಿಕೆಗೆ ಇಳಿಸುತ್ತಿದ್ದರು. ಕುಡಿಕೆಯ ಬಾಯಿಗೆ ತೆಳುಬಟ್ಟೆ ಕಟ್ಟಿ ಅಡುಗೆಮನೆಯ ಗೋಡೆಗೂಡಿನಲ್ಲಿ ಇಡುತ್ತಿದ್ದರು. ಒಲೆಯ ಕಾವು ಅಲ್ಲಿಗೆ ಹದವಾಗಿ ತಾಗುತ್ತಿತ್ತು.

‘ಇವಕ್ಕ ಏನು ತಿನ್ನಸ್ತೀರಿ ಅಕ್ಕೋರ?’ ಎಂದು ಕೇಳಿದ್ದೆ.

‘ಈಗ ಏನೂ ಬ್ಯಾಡ ತಂಗಿ. ಹೊಟ್ಟಿ ಕೆಳಗ ಹಳದಿ ಗಂಟು ಕಾಣತೈತಲ್ಲ, ಅದು ತವರಮನಿ ಬುತ್ತಿ. ತೀರಿದ ಮ್ಯಾಲೆ ನಮ್ಮ ಕಡೆ ನೋಡ್ತಾವ.’

ಬುತ್ತಿ ತೀರಿದ ಮೇಲೆ ಕೊಳೆತ ಬಾಳೆಸಿಪ್ಪೆಗೆ ಮುತ್ತುವ ಸಣ್ಣ ನೊಣಗಳೇ ಆಹಾರ. ಮರಿಗಳು ಪೊರೆ ಬಿಡುವಾಗ ಬೆರಳ ತುದಿಯಲ್ಲಿ ತೊಗಲು ಉಳಿದರೆ ಗೋಡೆ ಹತ್ತಲಾರವು. ಅದನ್ನು ಗರಿಯನ್ನು ನೀರಲ್ಲಿ ಅದ್ದಿ ನೆನೆಸಿ ಬಿಡಿಸಬೇಕು. ‘ಸುಮ್ನ ಕುಂಡ್ರು ಮಾರಾಯಾ, ಬೂಟು ಬಿಚ್ಚಾಕತ್ತೀನಿ’ ಎಂದು ಮರಿಗೆ ಗದರುತ್ತಿದ್ದರು.

ಗುರಯ್ಯನವರಿಗೆ ಇದು ದಿನದಿನದ ಸಂಕಟ. ‘ಅಕ್ಕಾ, ಹಲ್ಲಿ ಮೈಮ್ಯಾಲೆ ಬಿದ್ರ ಮಂದಿ ತಲಿಗೆ ನೀರು ಹಾಕ್ಕೋತಾರ. ನೀ ಅದಕ್ಕ ತೊಟ್ಟಿಲಾ ಕಟ್ಟೀದಿ.’

‘ನಾ ಎಲ್ಲಿ ಮುಟ್ಟೀನೋ? ಗರಿ ಮುಟ್ಟೈತಿ. ಬೇಕಾದ್ರ ಗರಿಗೆ ಸ್ನಾನ ಮಾಡಸ್ತೀನಿ.’

ಇಷ್ಟು ಬಯ್ದವರು ಗುಡಿಯಿಂದ ಬರುವಾಗ ಬಾಳೆಸಿಪ್ಪೆ ಮಾತ್ರ ಮರೆಯದೆ ತರುತ್ತಿದ್ದರು.

ಒಂದು ವಿಷಯದಲ್ಲಿ ನೀಲಕ್ಕೋರು ಬಹಳ ಕಟ್ಟುನಿಟ್ಟು. ಕುಡಿಕೆಯನ್ನು ಯಾರೂ ಅಲುಗಿಸಬಾರದು. ‘ಗಾಬರಿ ಆದ್ರ ಬಾಲ ಬಿಡ್ತಾವ. ದೊಡ್ಡವಕ್ಕ ಮತ್ತ ಬರತೈತಿ. ಈ ಬಡಕಲ ಕೂಸಿಗೆ ಬಾಲನ ಕಣಜ. ಅದು ಹೋತಂದ್ರ ಜೀವನೂ ಹೋತು.’

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ಒಂದು ಮುಂಜಾನೆ ಅಡುಗೆಮನೆಯ ತೊಲೆ ಲಟ್ಟೆಂದಿತು. ಗುರಯ್ಯನವರು ಕೂಗಿಕೊಂಡರು. ಮೂವರೂ ಬೀದಿಗೆ ಓಡಿದೆವು ಎಂದುಕೊಂಡಿದ್ದೆ. ಉಸಿರು ಸುಧಾರಿಸಿಕೊಂಡು ನೋಡಿದರೆ ನೀಲಕ್ಕೋರು ಪಕ್ಕದಲ್ಲಿರಲಿಲ್ಲ.

ನಾನು ಹೊಸ್ತಿಲವರೆಗೆ ಹೋದೆ. ಅದನ್ನು ದಾಟುವ ಧೈರ್ಯ ನನಗಾಗಲಿಲ್ಲ. ಅಲ್ಲಿಂದ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಅವರು ಗೂಡಿನ ಮುಂದೆ ನಿಂತು ಕುಡಿಕೆಯನ್ನು ಎದೆಗೊತ್ತಿಕೊಂಡಿದ್ದರು. ಜಂತಿಗಳ ನಡುವಿನಿಂದ ಜರಡಿ ಹಿಡಿದ ಹಾಗೆ ಮಣ್ಣು ಉದುರುತ್ತಿತ್ತು.

‘ಅಕ್ಕೋರ, ಓಡಿ ಬರ್ರೀ!’

‘ಅಕ್ಕಾ, ಓಡಬೇ! ಆ ಹಲ್ಲಿ ಹಾಳಾಗಿ ಹೋಗ್ಲಿ!’ ಎಂದು ನನ್ನ ಹಿಂದಿನಿಂದ ಗುರಯ್ಯನವರು ಕಿರುಚಿದರು.

ಅವರು ಓಡಲಿಲ್ಲ. ತುಂಬಿದ ಕೊಡ ಹೊತ್ತವರಂತೆ ಒಂದು ಹೆಜ್ಜೆ ಇಟ್ಟರು. ನಿಂತರು. ಮತ್ತೊಂದು ಹೆಜ್ಜೆ. ಒಂದು ಮಣ್ಣಿನ ಹೆಂಟೆ ಅವರ ಹೆಗಲಿಗೆ ಬಡಿದು ಒಡೆಯಿತು. ಮತ್ತೊಂದು ಹೆಜ್ಜೆ. ಅವರ ಸೆರಗು ನನ್ನ ಕೈಗೆ ಸಿಕ್ಕಿತು, ಎಳೆದುಕೊಂಡೆ. ಬೀದಿಗೆ ಬಂದು ತಿರುಗುವಷ್ಟರಲ್ಲಿ ಅಡುಗೆಮನೆಯ ಮಾಳಿಗೆ ಧೊಪ್ಪೆಂದು ಕುಸಿಯಿತು. ಒಲೆಯೂ ಗೂಡೂ ಕಾಣದಂತೆ ಮುಚ್ಚಿಹೋದವು.

ನೀಲಕ್ಕೋರು ಬಟ್ಟೆ ಸರಿಸಿ ಕುಡಿಕೆಯೊಳಗೆ ಇಣುಕಿದರು. ‘ಬಾಲ ಎಲ್ಲಾ ಅದಾವ’ ಎಂದರು. ಗುರಯ್ಯನವರು ಮಳೆಯಲ್ಲೇ ಕಟ್ಟೆಯ ಮೇಲೆ ಕುಸಿದು ಅಳತೊಡಗಿದರು. ನಾನು ಸಿಟ್ಟು ಮಾಡಿದೆ: ‘ಓಡಿ ಬರಬೇಕಿತ್ತಲ್ರಿ!’

‘ಓಡಿದ್ರ ಬಾಲ ಬಿಡ್ತಿದ್ವು ತಂಗಿ.’

ಗುಡಿಯ ಪಡಸಾಲೆಯಲ್ಲಿ ಅಕ್ಕ–ತಮ್ಮ ಮಳೆಗಾಲ ಕಳೆದರು. ಮರಿಗಳು ದೊಡ್ಡವಾಗಿ ಗುಡಿಯ ಗೋಡೆ ಹತ್ತಿದವು. ಮುಂದೆ ನನಗೆ ಗದಗಿಗೆ ವರ್ಗವಾಯಿತು. ಅಲ್ಲಿ ಪ್ರತಿ ತರಗತಿಗೂ ಆ ಮುಂಜಾನೆಯ ಕಥೆ ಹೇಳುತ್ತಿದ್ದೆ. ಭಯವೆಂಬುದೇ ಗೊತ್ತಿಲ್ಲದ ಒಬ್ಬ ಅಕ್ಕೋರಿದ್ದರು ಎಂದೇ ಶುರು ಮಾಡುತ್ತಿದ್ದೆ.

ಎಂಬತ್ತರ ದಶಕದಲ್ಲಿ ಅವರು ನಿವೃತ್ತರಾಗಿ ತಮ್ಮನೊಂದಿಗೆ ಮುಂಡರಗಿಯಲ್ಲಿ ಸಿಮೆಂಟಿನ ಮನೆ ಮಾಡಿಕೊಂಡಿದ್ದರು. ನೋಡಲು ಹೋದೆ. ಕೂದಲು ತೆಳುವಾಗಿ ಗರಿ ತುರುಬಿನಲ್ಲಿ ನಿಲ್ಲುತ್ತಿರಲಿಲ್ಲ, ಕಿವಿಗೆ ಸಿಕ್ಕಿಸಿಕೊಂಡಿದ್ದರು. ನಾನು ಹುಡುಗರಿಗೆ ಹೇಳುವ ಕಥೆ ಕೇಳಿ ಮೊದಲು ನಕ್ಕರು.

‘ಸುಳ್ಳು ಹೇಳಬ್ಯಾಡ ತಂಗಿ ಹುಡುಗ್ರಿಗೆ. ತೊಲಿ ಸಪ್ಪಳ ಕೇಳಿ ಅವತ್ತ ನನ್ನ ಕಾಲು ಸೆಟೆದು ನಿಂತುಬಿಟ್ವು. ಅಲ್ಲೇ ಕುಂತುಬಿಡ್ತಿದ್ನೇನೋ. ಕೈಯಾಗ ಕುಡಿಕಿ ಇತ್ತು. ಇವನ್ನ ಹೊಸ್ತಲಾ ದಾಟಿಸೂಣು ಅಂತ ಒಂದೊಂದ ಹೆಜ್ಜಿ ಕಿತ್ತಿಟ್ಟೆ.’

‘ಮತ್ತ ಬಾಲದ ಮಾತು?’

‘ಅದೂ ಖರೆನ. ಆದ್ರ ಓಡಾಕ ಬರ್ತಿತ್ತಂದ್ರ ಓಡ್ತಿದ್ದೆ.’

ಅದೇ ಕೊನೆಯ ಭೇಟಿ. ಬಹಳ ದಿನ ಕಳೆಯುವ ಮೊದಲೇ ಅವರು ಹೋದ ಸುದ್ದಿ ಬಂತು.

ಜೋರು ಮಳೆಯಾದರೆ ಇಂದಿಗೂ ನಾನು ಮನಸ್ಸಿನಲ್ಲೇ ಆ ಹೊಸ್ತಿಲಿಗೆ ಹೋಗಿ ನಿಲ್ಲುತ್ತೇನೆ. ಮೊದಲೆಲ್ಲ ಅವರ ಮುಖ ಕಾಣುತ್ತಿತ್ತು. ಈಗ ಕಾಲುಗಳು ಕಾಣುತ್ತವೆ, ಮಣ್ಣು ಮೆತ್ತಿದ ಎರಡು ಬರಿಗಾಲು, ನೆಲದಿಂದ ಏಳಲೊಲ್ಲದೆ ಏಳುತ್ತವೆ. ಓಡಿ ಬರ್ರಿ ಎಂದು ಕೂಗುವುದನ್ನು ಬಿಟ್ಟಿದ್ದೇನೆ. ಮುಂದಿನ ಹೆಜ್ಜೆಗೆ ಕಾಯುತ್ತೇನೆ.